ಪ್ಲಾಸ್ಟಿಕ್ ಬೊಂಡಾಸ್‌ಗೆ ಸಾಲ್ಮನ್ ಯಾಕೆ ಬೀಳ್ತಿಲ್ಲ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಕೆನಡಾ, ಅಮೆರಿಕದ ಪಶ್ಚಿಮ ಕರಾವಳಿಲಿ ಇರೋ ನಮ್ಮವರದ್ದೇ, ಎಲ್ಲಾರದ್ದೂ ಒಂದೇ ಗೋಳು, ಸಾಲ್ಮನ್ ಮೀನು ಮತ್ತೆ ಅದನ್ನ ಹಿಡಿಯೋಕೆ ಹಾಕೋ ಹೂಚಿ. ಹೂಚಿ ಅಂದ್ರೆ ಮೆತ್ತನೆ ಪ್ಲಾಸ್ಟಿಕ್ಕಿನ ಸ್ಕ್ವಿಡ್, ನಮ್ಮ ಕರಾವಳಿಯವ್ರು ಬೊಂಡಾಸ್ ಅಂತಾರಲ್ಲ ಅದೇ, ತಲೆ ಟೊಳ್ಳು, ಕೆಳಗೆ ಲಂಗದ ಥರ ಬಾಲಗಳು, ಒಳಗೆ ಒಂದು ಕೊಕ್ಕೆ. ಅದಕ್ಕೇ ಈ ಸಂಚಿಕೆ ಪೂರ್ತಿ ಅದಕ್ಕೇ ಬಿಟ್ಟಿದೀವಿ.

ಪ್ರಶ್ನೆ: ಸರ್, ಎರಡು ಸೀಸನ್ನಿಂದ ಹುವಾನ್ ಡಿ ಫುಕಾ ಜಲಸಂಧಿಲಿ ಗೆಳೆಯನ ದೋಣಿ ತಗೊಂಡು ಹೋಗ್ತಿದೀವಿ. ಇಪ್ಪತ್ತು ಬಣ್ಣದ ಹೂಚಿ ಇದೆ ನನ್ನ ಹತ್ರ. ಪಕ್ಕದ ದೋಣಿಯವ್ರಿಗೆ ಬೀಳುತ್ತೆ, ನಮಗೆ ಬೀಳಲ್ಲ. ಯಾವ ಬಣ್ಣ ಹಾಕ್ಬೇಕು ಹೇಳಿ. (ವಿಕ್ಟೋರಿಯಾ)

ಬಣ್ಣದ ಮಾತು ಆಮೇಲೆ ಆಡೋಣ. ಮೊದಲು ಒಂದು ಟೇಪ್ ತಗೊಂಡು ನಿಮ್ಮ ಲೀಡರ್, ಅಂದ್ರೆ ಹೂಚಿ ಮುಂದೆ ಕಟ್ಟೋ ದಾರ, ಅಳೆದು ನೋಡಿ. ಇಪ್ಪತ್ತು ಬಣ್ಣ ಬರ್ದಿದೀರಿ, ಲೀಡರ್ ಎಷ್ಟು ಇಂಚು ಅಂತ ಒಂದು ಕಡೆನೂ ಬರ್ದಿಲ್ಲ, ನನಗೆ ಅಲ್ಲೇ ಡೌಟು ಬಂತು.

ನೋಡಿ, ಹೂಚಿಗೆ ಸ್ವಂತ ಜೀವ ಇಲ್ಲ. ಬರೀ ಹೂಚಿ ಕಟ್ಟಿ ದೋಣಿ ಹಿಂದೆ ಎಳೆದ್ರೆ ಒಗೆದ ಕಾಲುಚೀಲ ಎಳೆದ ಹಾಗೆ ನೆಟ್ಟಗೆ ಬರುತ್ತೆ ಅಷ್ಟೇ, ಮೀನು ತಿರುಗಿನೂ ನೋಡಲ್ಲ. ಅದನ್ನ ಕುಣಿಸೋದು ಅದರ ಮುಂದೆ ಕಟ್ಟೋ ಫ್ಲಾಷರ್. ಸಾಮಾನ್ಯವಾಗಿ 11 ಇಂಚಿನ ಪ್ಲಾಸ್ಟಿಕ್ ಪಟ್ಟಿ, ನೀರಲ್ಲಿ ಪೂರ್ತಿ ಸುತ್ತು ಹೊಡೀತಾ ಮಿಂಚುತ್ತೆ, ಒಂದೊಂದು ಸುತ್ತಿಗೂ ಹಿಂದಿರೋ ಹೂಚಿನ ಒಂದ್ಸಲ ಪಕ್ಕಕ್ಕೆ ಸೆಳೆದು ಬಿಡುತ್ತೆ. ಆ ಸೆಳೆತ ಹೂಚಿವರೆಗೂ ಎಷ್ಟು ಹೋಗಿ ಮುಟ್ಟುತ್ತೆ ಅನ್ನೋದು ಮಧ್ಯದ ಲೀಡರ್ ಮೇಲೆ ನಿಂತಿದೆ. ಉದ್ದ ಜಾಸ್ತಿ ಆದ್ರೆ ಸೆಳೆತ ದಾರಿಲೇ ಸೋರಿ ಹೋಗಿ ಹೂಚಿ ಸೋಮಾರಿ ಆಗುತ್ತೆ, ಗಿಡ್ಡ ಆದಷ್ಟೂ ಹುಚ್ಚು ಹಿಡಿದ ಹಾಗೆ ಕುಣಿಯುತ್ತೆ.

ಸಾಲ್ಮನ್‌ನಲ್ಲಿ ಚಿನೂಕ್ ಅನ್ನೋ ಜಾತಿಗೆ ನಾನು 40ರಿಂದ 44 ಇಂಚು ಕಟ್ತೀನಿ, 36ರಿಂದ 48ರ ಒಳಗೆ ಎಲ್ಲಿದ್ರೂ ನಡೆಯುತ್ತೆ. ಕೋಹೊ ಅನ್ನೋ ಇನ್ನೊಂದು ಜಾತಿಗೆ ಗಡಿಬಿಡಿ ಇಷ್ಟ, ಅದಕ್ಕೆ 28ರಿಂದ 36. ದಾರ ತೆಳ್ಳಗಿದ್ರೂ ಕೆಲಸ ಕೆಡುತ್ತೆ, 40ರಿಂದ 60 ಪೌಂಡ್ ಭಾರ ತಡೆಯೋ ದಪ್ಪ ಮೋನೊ (ಒಂದೇ ಎಳೆಯ ನೈಲಾನ್ ದಾರ) ಹಾಕಿ, ಗಟ್ಟಿ ಇದ್ರೇನೇ ಸೆಳೆತ ಸಾಗೋದು. ಮೀನಿಗೆ ದಾರ ಕಾಣ್ಸುತ್ತೆ ಅಂತ ನಾನೂ ಮೊದಲನೇ ವರ್ಷ 20 ಪೌಂಡಿನ ನಯವಾದ ದಾರದಲ್ಲಿ ಐದಡಿ ಲೀಡರ್ ಕಟ್ಕೊಂಡು ಇಡೀ ಜುಲೈ ಸಮುದ್ರದಲ್ಲಿ ಪಿಕ್ನಿಕ್ ಮಾಡಿದೀನಿ. ಹನ್ನೊಂದು ಇಂಚಿನ ಪಟ್ಟಿ ಗಿರಗಿರ ಸುತ್ತೋದು ಕಂಡೂ ಹೆದರದೆ ಬರೋ ಮೀನು ದಾರ ನೋಡಿ ಹೆದರುತ್ತಾ!

ಈಗ ಸ್ಪೀಡು. ದೋಣಿ ಓಡ್ತಿರೋವಾಗ್ಲೇ ಫ್ಲಾಷರ್ ಮತ್ತೆ ಹೂಚಿನ ದೋಣಿ ಪಕ್ಕದಲ್ಲಿ ನೀರಿಗೆ ಬಿಟ್ಟು ಬಗ್ಗಿ ನೋಡಿ. ಫ್ಲಾಷರ್ ಬರೀ ಆ ಕಡೆ ಈ ಕಡೆ ಓಲಾಡ್ತಿದ್ರೆ ಸ್ಪೀಡ್ ಕಮ್ಮಿ, ಪೂರ್ತಿ ಸುತ್ತು ಹೊಡೀಬೇಕು, ಹಿಂದೆ ಹೂಚಿ ಒಂದು ಕ್ಷಣ ನಿಂತ ಹಾಗಾಗಿ ಚಕ್ ಅಂತ ಹಾರ್ಬೇಕು, ಮತ್ತೆ ನಿಂತು ಮತ್ತೆ ಹಾರ್ಬೇಕು, ಬಾಲಗಳು ನಿಂತಾಗ ಅರಳಿ ಹಾರಿದಾಗ ಮುಚ್ಕೊಳ್ಳೋದು ಕಣ್ಣಿಗೇ ಕಾಣುತ್ತೆ. ಅದು ಕಂಡಾಗ ಥ್ರಾಟಲ್ ಎಲ್ಲಿತ್ತು ನೆನಪಿಟ್ಕೊಳ್ಳಿ. ಚಿನೂಕ್‌ಗೆ ಎರಡರಿಂದ ಮೂರು ನಾಟ್, ಕೋಹೊಗೆ ಇನ್ನೊಂಚೂರು ಜೋರು ಅಂತ ಲೆಕ್ಕ, ಆದ್ರೆ ಜಿಪಿಎಸ್ ತೋರ್ಸೋದು ನೆಲದ ಮೇಲಿನ ಸ್ಪೀಡು, ಅಲ್ಲಿನ ಉಬ್ಬರ ಇಳಿತದ ಸೆಳವಿಗೆ ಎದುರು ಹೋಗ್ತಿದ್ರೆ ನಂಬರ್ ಕಮ್ಮಿ ಇದ್ರೂ ಗಾಳ ಜೋರಾಗೇ ಓಡ್ತಿರುತ್ತೆ. ಕಣ್ಣು ನಂಬಿ.

ಇನ್ನೊಂದು, ನೆಟ್ಟಗೆ ಗೆರೆ ಎಳೆದ ಹಾಗೆ ಹೋಗ್ಬೇಡಿ, ಹಾವಿನ ಥರ ತಿರುಗಿಸ್ತಾ ಹೋಗಿ. ತಿರುಗುವಾಗ ಹೊರಗಡೆ ಗಾಳ ಜೋರಾಗಿ ಮೇಲೇಳುತ್ತೆ, ಒಳಗಡೆದು ನಿಧಾನ ಆಗಿ ಇಳಿಯುತ್ತೆ, ಮೀನು ಯಾವುದಕ್ಕೆ ಬಿತ್ತು ನೋಡಿದ್ರೆ ಸ್ಪೀಡ್ ಏರಿಸ್ಬೇಕಾ ಇಳಿಸ್ಬೇಕಾ ಅಂತ ಅದೇ ಹೇಳ್ಬಿಡುತ್ತೆ.

ಬಣ್ಣ ಕೇಳಿದ್ರಲ್ಲ, ಸರಿ. ನೀರಲ್ಲಿ ಮೊದಲು ಸಾಯೋದು ಕೆಂಪು, ಸ್ವಲ್ಪ ಇಳಿದ್ರೆ ಸಾಕು ಕಪ್ಪಗೆ ಕಾಣುತ್ತೆ, ಹಸಿರು ನೀಲಿ ಇನ್ನೂ ಆಳಕ್ಕೆ ಹೋಗುತ್ತೆ. ಆಳದಲ್ಲಿ ಹಸಿರು, ಬಿಳಿ, ಇಲ್ಲಾ ಕತ್ತಲಲ್ಲಿ ಹೊಳೆಯೋ ಗ್ಲೋ ಥರದ್ದು, ಗ್ಲೋ ಹೂಚಿಗೆ ಇಳಿಸೋಕೆ ಮುಂಚೆ ಟಾರ್ಚ್ ಹಿಡೀಬೇಕು ಮರೀಬೇಡಿ. ನಾಲ್ಕು ಬಣ್ಣ ಇಟ್ಕೊಂಡು ಉಳಿದ ಹದಿನಾರು ಯಾರಿಗಾದ್ರೂ ಕೊಟ್ಬಿಡಿ.

ಪ್ರಶ್ನೆ: ಹೂಚಿ ಒಳಗೆ ಕೊಕ್ಕೆ ಎಲ್ಲಿರಬೇಕು? ನಂದು ತಲೆ ಒಳಗೇ ಹೋಗಿ ಸಿಕ್ಕೊಳ್ಳುತ್ತೆ. (ಕ್ಯಾಂಬೆಲ್ ರಿವರ್)

ಮಣಿ ಹಾಕಿಲ್ಲ ನೀವು. ಲೀಡರ್‌ಗೆ ಕೊಕ್ಕೆ ಕಟ್ಟಿದ ಮೇಲೆ ನಾಲ್ಕೈದು ಪ್ಲಾಸ್ಟಿಕ್ ಮಣಿ ಪೋಣಿಸಿ, ಆಮೇಲೆ ಹೂಚಿ ತಲೆ ತೂತಿಂದ ದಾರ ಹಾಯಿಸಿ ಕೆಳಗೆ ಜಾರಿಸಿ. ಮಣಿ ಸಾಲು ತಲೆ ಒಳಗೆ ಕೂತು ಕೊಕ್ಕೆನ ಕೆಳಗೆ ತಳ್ಳಿ ಹಿಡಿಯುತ್ತೆ. ಕೊಕ್ಕೆಯ ಬಾಗು ಬಾಲಗಳ ತುದಿ ಹತ್ರ ಇರ್ಲಿ, ಯಾಕಂದ್ರೆ ಕೋಹೊ ಎಷ್ಟೋ ಸಲ ಬಾಲ ಮಾತ್ರ ಕಚ್ಚಿ ಎಳೆದು ಓಡುತ್ತೆ. ಮಣಿ ಒಂದು ಜಾಸ್ತಿ ಕಮ್ಮಿ ಮಾಡಿ ಸರಿ ಹೊಂದಿಸ್ಕೊಳ್ಳಿ.

ಪ್ರಶ್ನೆ: ಡೌನ್‌ರಿಗ್ಗರ್ (ತಂತಿಗೆ ಭಾರದ ಗುಂಡು ಕಟ್ಟಿ ಗಾಳನ ಆಳಕ್ಕೆ ಇಳಿಸೋ ಸಾಧನ) ಮೀಟರ್ 150 ಅಡಿ ತೋರ್ಸುತ್ತೆ, ನೀರೊಳಗಿನ ಮೀನು ತೋರ್ಸೋ ಸೌಂಡರ್‌ನಲ್ಲೂ ಮೀನು 150ರಲ್ಲೇ ಕಾಣುತ್ತೆ, ಆದ್ರೂ ಒಂದೂ ಕಚ್ಚಲ್ಲ. (ನನೈಮೊ)

ನಿಮ್ಮ ಗಾಳ 150ರಲ್ಲಿ ಇಲ್ಲ. ಮೀಟರ್ ಹೇಳೋದು ಎಷ್ಟಡಿ ತಂತಿ ಬಿಟ್ರಿ ಅಂತ ಮಾತ್ರ, ಗುಂಡು ಎಷ್ಟು ಆಳದಲ್ಲಿದೆ ಅಂತ ಅಲ್ಲ. ನೀರಿನ ತಳ್ಳಾಟಕ್ಕೆ ತಂತಿ ಹಿಂದಕ್ಕೆ ವಾಲುತ್ತೆ. ನೇರ ಲೆಕ್ಕದಲ್ಲಿ ಹೇಳ್ಬೇಕಂದ್ರೆ ತಂತಿ 45 ಡಿಗ್ರಿ ವಾಲಿದ್ರೆ 150 ಅಡಿ ಬಿಟ್ರೂ ಗುಂಡು ಇರೋದು ಸುಮಾರು 106 ಅಡಿಲಿ, 30 ಡಿಗ್ರಿ ಆದ್ರೆ 130. ಅಂದ್ರೆ ನೀವು ಮೀನಿನ ತಲೆ ಮೇಲೆ ನಲವತ್ತು ಅಡಿ ಎತ್ತರದಲ್ಲಿ ಮೆರವಣಿಗೆ ಮಾಡ್ತಿದೀರಿ. ಇನ್ನೊಂಚೂರು ತಂತಿ ಬಿಡಿ, ಇಲ್ಲಾ 10 ಪೌಂಡ್ ಗುಂಡಿದ್ರೆ 15ರದ್ದು ಹಾಕಿ. ಆದ್ರೆ ಕೆಳಗೆ ಬಂಡೆ ಇರೋ ಕಡೆ ಹುಷಾರು, ಸೆಳವು ನಿಂತ ತಕ್ಷಣ ಅದೇ ಗುಂಡು ಸೀದಾ ಇಳಿದು ತಳಕ್ಕೆ ಸಿಕ್ಕಾಕೊಳ್ಳುತ್ತೆ. ಗಾಳದ ದಾರನ ಗುಂಡಿನ ಹತ್ರ ಹಿಡಿದಿಡೋ ಕ್ಲಿಪ್ಪಿಂದ ಫ್ಲಾಷರ್‌ವರೆಗೆ 15ರಿಂದ 30 ಅಡಿ ದಾರ ಸಾಕು.

ಪ್ರಶ್ನೆ: ರಾಡ್ ತುದಿ ಕುಣಿಯುತ್ತೆ, ಎತ್ತಿ ಜಗ್ತೀನಿ, ಅರ್ಧ ದಾರಿಲಿ ಮೀನು ಹೋಗ್ಬಿಡುತ್ತೆ. ಬಾರ್ಬ್ (ಮೊನೆ ಹತ್ರ ಹಿಂದಕ್ಕೆ ಚಾಚಿರೋ ಮುಳ್ಳು) ಇರೋ ಕೊಕ್ಕೆ ಹಾಕಬಹುದಾ? (ಟಕೋಮಾ)

ಹಾಕ್ಬೇಡಿ. ಪ್ಯೂಜೆಟ್ ಸೌಂಡ್‌ನಲ್ಲಿ ಸಾಲ್ಮನ್‌ಗೆ ಬಾರ್ಬ್‌ಲೆಸ್ ಕಡ್ಡಾಯ, ಗಡಿ ದಾಟಿ ಬ್ರಿಟಿಷ್ ಕೊಲಂಬಿಯಾ ಕಡಲಿಗೆ ಹೋದ್ರೂ ಅದೇ. ಮುಳ್ಳು ಇಕ್ಕಳದಲ್ಲಿ ಒತ್ತಿದ್ರೆ ಸಾಕು, ಒತ್ತಿದ ಮೇಲೆ ಹತ್ತಿ ಬಟ್ಟೆಗೆ ಚುಚ್ಚಿ ತೆಗೆದು ನೋಡಿ, ನೂಲು ಎಳ್ಕೊಂಡು ಬಂದ್ರೆ ಇನ್ನೂ ಒತ್ಬೇಕು ಅಂತ. ಹ್ಯಾಚರಿಲಿ ಬೆಳೆಸಿದ ಮೀನಿಗೆ ಬೆನ್ನ ಮೇಲೆ ಬಾಲದ ಹತ್ರ ಇರೋ ಪುಟ್ಟ ಅಡಿಪೋಸ್ ರೆಕ್ಕೆ ಕತ್ತರಿಸಿರ್ತಾರೆ, ಎಷ್ಟೋ ಕಡೆ ಅದು ಕತ್ತರಿಸಿರೋದನ್ನ ಮಾತ್ರ ಇಟ್ಕೋಬಹುದು, ರೆಕ್ಕೆ ಇರೋದನ್ನ ನೀರಲ್ಲೇ ಬಿಡ್ಬೇಕು, ಅಂಥ ಮೀನು ಗಾಯ ಇಲ್ದೆ ಬದುಕ್ಲಿ ಅಂತಾನೇ ಮುಳ್ಳಿಲ್ಲದ ಕೊಕ್ಕೆ.

ಮೀನು ತಪ್ಪೋಕೆ ಕಾರಣ ಬೇರೆ ಇದೆ. ರಾಡ್ ಕುಣಿದ ತಕ್ಷಣ ನೀವು ಮೇಲಕ್ಕೆ ಜಗ್ತಿದೀರಿ, ಆಗ ದಾರ ಇನ್ನೂ ಕ್ಲಿಪ್ಪಲ್ಲೇ ಸಿಕ್ಕಿರುತ್ತೆ, ಇಲ್ಲಾ ಕ್ಲಿಪ್ ಬಿಟ್ಟು ಸಡಿಲ ದಾರದ ದೊಡ್ಡ ಬಾಗು ನೀರಲ್ಲಿ ತೇಲ್ತಿರುತ್ತೆ, ನೀವು ಜಗ್ಗಿದ್ದು ಮೀನಿಗೆ ಗೊತ್ತೇ ಆಗಲ್ಲ. ರಾಡ್ ಹೋಲ್ಡರಿಂದ ತೆಗೆದು ತುದಿ ಕೆಳಗೆ ಮಾಡಿ, ಹುಚ್ಚನ ಥರ ರೀಲ್ ಸುತ್ತಿ, ದಾರ ಬಿಗಿ ಆಗಿ ಮೀನಿನ ಭಾರ ಕೈಗೆ ಸಿಗೋವರೆಗೂ ಸುತ್ತಿ, ಆಮೇಲೆ ರಾಡ್ ಎತ್ತಿ. ಅಲ್ಲಿಂದ ಮುಂದೆ ಒಂದು ಕ್ಷಣ ಕೂಡ ಬಿಗಿ ಬಿಡಬಾರದು. ಕೋಹೊ ದೋಣಿ ಕಡೆಗೇ ಓಡಿ ಬರುತ್ತೆ, ನೀರಿಂದ ಹಾರುತ್ತೆ, ಹೊರಳುತ್ತೆ, ಜನ ಮೀನು ಹೋಯ್ತು ಅಂತ ರೀಲ್ ನಿಲ್ಸಿಬಿಡ್ತಾರೆ, ಆಗ್ಲೇ ಹೋಗೋದು. ಚಿನೂಕ್ ಆಳಕ್ಕೆ ಎಳೆಯುತ್ತೆ, ಓಡೋಕೆ ಬಿಡಿ, ಡ್ರ್ಯಾಗ್ (ರೀಲಿನ ಬ್ರೇಕು) ಬಿಗಿ ಮಾಡ್ಬೇಡಿ.

ಪ್ರಶ್ನೆ: ಸಾಕೈ ಜಾತಿ ಸಾಲ್ಮನ್ ಪ್ಲಾಂಕ್ಟನ್ (ನೀರಲ್ಲಿ ತೇಲೋ ಸಣ್ಣ ಜೀವಿಗಳು) ತಿನ್ನೋ ಮೀನು ಅಂತ ಓದಿದೀನಿ. ಹಾಗಿದ್ಮೇಲೆ ಸ್ಕ್ವಿಡ್‌ಗೆ ಯಾಕೆ ಬೀಳುತ್ತೆ? (ಸರ್ರೆ)

ಒಳ್ಳೆ ಪ್ರಶ್ನೆ ರೀ ಇದು. ಅದು ಸ್ಕ್ವಿಡ್ ಅಂತ ತಿಳ್ಕೊಂಡು ಬರೋದಿಲ್ಲ ಅನ್ಸುತ್ತೆ ನನಗೆ, ಸಾಕೈಗೆ ಹಾಕೋದು ಸಣ್ಣ ಗುಲಾಬಿ ಹೂಚಿ, ಅದು ಸೀಗಡಿ ಥರದ ಕ್ರಿಲ್‌ಗೆ ಹತ್ರ ಕಾಣುತ್ತೆ. ಲೀಡರ್ ಗಿಡ್ಡ, ಎರಡು ಅಡಿ ಆಸುಪಾಸು, ದೋಣಿ ನಿಧಾನ. ಸಾಕೈ ಗುಂಪಲ್ಲಿ ಓಡಾಡೋ ಮೀನು, ಅದಕ್ಕೇ ಗಾಳ ಇಲ್ಲದ ಫ್ಲಾಷರ್‌ಗಳನ್ನೂ ಗುಂಡಿನ ಹತ್ರ ಕಟ್ಟಿ ಎಳೀತಾರೆ, ದೂರದಿಂದ ಅದೂ ಒಂದು ಗುಂಪಿನ ಥರ ಮಿಂಚ್ಲಿ ಅಂತ. ಫ್ರೇಸರ್ ನದಿ ಹಾದು ಆಡಮ್ಸ್ ನದಿಗೆ ಹೋಗೋ ಸಾಕೈ ನಾಲ್ಕು ವರ್ಷಕ್ಕೊಂದ್ಸಲ ದಂಡಿಯಾಗಿ ಬರುತ್ತೆ, 2010, 2014, 2018, 2022 ಹೀಗೆ, ಆದ್ರೆ ಫಿಶರೀಸ್ ಇಲಾಖೆ ಓಪನ್ ಮಾಡಿದ ದಿನ ಮಾತ್ರ ಹಿಡೀಬಹುದು. ಗುಲಾಬಿ ಹೂಚಿಗೇ ಬೀಳೋ ಪಿಂಕ್ ಸಾಲ್ಮನ್ ಅಲ್ಲಿ ಬೆಸ ವರ್ಷದಲ್ಲಿ ಬರುತ್ತೆ. ಅಂದಹಾಗೆ ಲೈಸೆನ್ಸ್ ಜೊತೆ ಸಾಲ್ಮನ್ ಸ್ಟಾಂಪೂ ತಗೊಂಡಿದೀರಾ ನೋಡ್ಕೊಳ್ಳಿ, ಅದಿಲ್ದೆ ಮೀನು ಮನೆಗೆ ತರೋ ಹಾಗಿಲ್ಲ.

ಪ್ರಶ್ನೆ: ಹೂಚಿಗೆ ಹೆರಿಂಗ್ ಮೀನಿನ ತುಂಡು ಸಿಕ್ಕಿಸಬಹುದಾ? (ನನೈಮೊ)

ಎರೆ ಹಾಕೋಕೆ ಅನುಮತಿ ಇರೋ ಕಡೆ ಸಿಕ್ಕಿಸಿ, ವಾಸನೆಗೆ ಒಳ್ಳೇದು. ಆದ್ರೆ ಕಡ್ಡಿ ಥರ ತೆಳ್ಳಗೆ ಸೀಳಿದ್ದು ಇರ್ಲಿ. ದಪ್ಪ ತುಂಡು ಹಾಕಿದ್ರೆ ಹೂಚಿ ಭಾರ ಆಗಿ ಕುಣಿಯೋದೇ ನಿಲ್ಸುತ್ತೆ, ಮತ್ತೆ ಕಾಲುಚೀಲದ ಕಥೆನೇ.

ಪ್ರಶ್ನೆ: ಹಳೇ ಹೂಚಿಗಳ ಬಾಲ ಸೊಟ್ಟ ಆಗಿದೆ, ಬಿಸಾಕ್ಲಾ? (ವಿಕ್ಟೋರಿಯಾ)

ಬೇಡ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ಬಾಲ ಕೆಳಗೆ ಜೋಲೋ ಹಾಗೆ ನೇತಾಕಿ, ನೆಟ್ಟಗಾಗುತ್ತೆ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒಣಗಿಸಿ ಇಡಿ, ಉಪ್ಪು ಕೂತ್ರೆ ಮೊದಲು ಹಾಳಾಗೋದು ಕೊಕ್ಕೆ. ಅದರ ಮೊನೆ ಹೆಬ್ಬೆರಳಿನ ಉಗುರಿನ ಮೇಲೆ ಹಗುರಕ್ಕೆ ಎಳೆದು ನೋಡಿ, ಕಚ್ಕೊಂಡ್ರೆ ಸರಿ, ಜಾರಿದ್ರೆ ಅರ ತಗೊಳ್ಳಿ.