ಬಚ್ಚಲ ಗೋಡೆ ಮುಚ್ಚುವ ಮುಂಚೆ

ತಮ್ಮಾ, ನೀನು ಬರೆದದ್ದು ಓದಿದೆ. ಅಮೆರಿಕಕ್ಕೆ ಬಂದು ಎರಡು ವರ್ಷ, ಈಗ ಹಳೇ ಮನೆ ತಗೊಂಡು ಬಾತ್‌ರೂಮ್ ಒಡೆಸಿದ್ದೀಯ. ಗೋಡೆಯ ಆಚೆಗೇ ಮಲಗುವ ಕೋಣೆ. ಬೇಸಿಗೆಗೆ ಗದಗಿನಿಂದ ನಿನ್ನ ಅಪ್ಪ-ಅವ್ವ ಬರುತ್ತಾರೆ. ಸಪ್ಪಳ ಆಚೆ ಹೋಗದ ಹಾಗೆ ಏನು ಮಾಡಬೇಕು, ಖರ್ಚು ಎಷ್ಟು, ಪರ್ಮಿಟ್ ಬೇಕಾ, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀಯ.

ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಹಳೇದಿರುತ್ತದೆ, ಬಡಿದರೆ ರೊಟ್ಟಿ ಹರಿಯುತ್ತದೆ. ಅವ್ವನಿಗೆ ಖಡಕ್ ರೊಟ್ಟಿ ಕಟ್ಟಿಕೊಂಡು ಬಾ ಅನ್ನು. ಪೈಪು, ವೈರು ಮುಟ್ಟಿದರೆ ಸಾಮಾನ್ಯವಾಗಿ ಪರ್ಮಿಟ್ ಬೇಕು, ನಿಮ್ಮ ಸಿಟಿ ಆಫೀಸಿಗೆ ಫೋನ್ ಮಾಡು. ಇನ್‌ಸ್ಪೆಕ್ಟರ್ ನೋಡುವ ತನಕ ಗೋಡೆ ಮುಚ್ಚಬೇಡ. ಖರ್ಚು ಊರಿಗೊಂದು ಥರ, ಮೂರು ಜನರ ಹತ್ತಿರ ಕೊಟೇಶನ್ ತಗೋ.

ಈಗ ಗೋಡೆ. 1998ರಲ್ಲಿ ಓಹಾಯೋಗೆ ಬಂದ ಮೊದಲ ರಾತ್ರಿ ಸಿದ್ಧಾರೂಢರ ಫೋಟೋ ಹಾಕಲು ಒಂದು ಮೊಳೆ ಹೊಡೆದೆ. ಒಂದೇ ಏಟಿಗೆ ಮೊಳೆ ಪೂರ್ತಿ ಒಳಗೆ! ಬೆರಳಿನಿಂದ ಬಡಿದರೆ ಖಾಲಿ ಡಬ್ಬಿಯ ಸದ್ದು. ಆಚೆ ಮನೆಯವನು ತಿರುಗಿ ಬಡಿದ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಮೊಳೆ ಬಾಗುತ್ತಿತ್ತೇ ಹೊರತು ಗೋಡೆಗೆ ಇಳಿಯುತ್ತಿರಲಿಲ್ಲ. ಬಚ್ಚಲಂತೂ ಹಿತ್ತಲಲ್ಲಿ, ಅಲ್ವಾ? ಇಲ್ಲಿ 16 ಇಂಚಿಗೊಂದು ಸ್ಟಡ್ ಅನ್ನುವ ಮರದ ಕಂಬ, ಎರಡೂ ಕಡೆ ಅರ್ಧ ಇಂಚಿನ ಡ್ರೈವಾಲ್ ಅನ್ನುವ ಜಿಪ್ಸಮ್ ಹಲಗೆ, ನಡುವೆ ಬರೀ ಗಾಳಿ. ಡೊಳ್ಳಿನ ಹಾಗೆ.

ಇದೆಲ್ಲ ಗೊತ್ತಿದ್ದೂ ನಾನು ತಪ್ಪು ಮಾಡಿದೆ. 2006ರಲ್ಲಿ ಬಾತ್‌ರೂಮ್ ಒಡೆಸಿದಾಗ ಕೆಲಸದವನು ಕೇಳಿದ, ಗೋಡೆಯೊಳಗೆ ಇನ್ಸುಲೇಷನ್ ತುಂಬಲಾ ಅಂತ. ಒಳಗಿನ ಗೋಡೆಗೆ ಎಲ್ಲಿಯ ಚಳಿ, ಬೇಡ ಅಂದೆ. ಆ ದುಡ್ಡು ಟೈಲ್ಸ್‌ಗೆ ಹಾಕಿದೆ. ಬಂದವರು ಹೊಗಳಿದರು, ನಾನೂ ಉಬ್ಬಿದೆ.

ಮರುವರ್ಷ ಏಪ್ರಿಲ್‌ನಲ್ಲಿ ನನ್ನ ಅಪ್ಪ ಬಂದರು. ಗೋಡೆಯ ಆಚೆ ನನ್ನ ಎಂಟು ತಿಂಗಳ ಕೂಸು ಮಲಗುತ್ತಿತ್ತು. ಊರಲ್ಲಿ ಅಪ್ಪ ಬೆಳಿಗ್ಗೆ 5ಕ್ಕೆ ಎದ್ದು ಕ್ಯಾಕರಿಸಿದರೆ ಇಡೀ ಓಣಿಗೆ ಬೆಳಗಾಗುತ್ತಿತ್ತು. ಇಲ್ಲಿ ಮೊದಲ ದಿನ ಫ್ಲಶ್ ಮಾಡಿದ ಕೂಡಲೇ ಕೂಸು ಚೀರಿ ಎದ್ದಿತು. ಮರುದಿನದಿಂದ ಆ ಬಾತ್‌ರೂಮಿನಲ್ಲಿ ಸಪ್ಪಳವೇ ಇಲ್ಲ. ಯಾಕೆ ಅಂತ ನಾನು ಯೋಚಿಸಲೂ ಇಲ್ಲ. ಒಂದು ನಸುಕಿನಲ್ಲಿ ಬಾಗಿಲು ಅರ್ಧ ತೆರೆದಿತ್ತು. ಟವೆಲ್ಲಿನ ಒಂದು ತುದಿ ನಳಕ್ಕೆ ಸುತ್ತಿದ್ದರು, ಇನ್ನೊಂದು ತುದಿ ಬಕೆಟ್ಟಿನ ತಳದಲ್ಲಿ. ನೀರು ಬಟ್ಟೆಗುಂಟ ಸದ್ದಿಲ್ಲದೆ ಇಳಿಯುತ್ತಿತ್ತು. ಅಪ್ಪ ಕಮೋಡಿನ ಮುಚ್ಚಳದ ಮೇಲೆ ಕೂತು ಬಕೆಟ್ ತುಂಬುವುದನ್ನೇ ಕಾಯುತ್ತಿದ್ದರು. “ಕೂಸಿಗೆ ಯಾಕ ತ್ರಾಸ ಕೊಡೂದೋ” ಅಂದರು.

ಆರು ತಿಂಗಳಿಗೆ ಬಂದವರು ಎರಡೂವರೆ ತಿಂಗಳಿಗೆ ಟಿಕೆಟ್ ಬದಲಿಸಿಕೊಂಡು ಹೊರಟರು. ಚಳಿ ತಡೆಯೋದಿಲ್ಲ ಅಂದರು. ಆಗ ಜೂನ್ ತಿಂಗಳು. ಮತ್ತೆ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಗೋಡೆ ತೆರೆದಿರುವಾಗಲೇ ಎಲ್ಲ ಮಾಡಿಸು. ಸ್ಟಡ್‌ಗಳ ನಡುವೆ ಮಿನರಲ್ ವುಲ್ ಅನ್ನುವ ಕಲ್ಲಿನ ನಾರಿನ ಹಾಸು ತುಂಬಿಸು. ಗೋಡೆಗೆ ಅಂಟಿಸುವ ಫೋಮ್ ಸುಮ್ನೆ ದಂಡ, ಅದು ಕೋಣೆಯೊಳಗಿನ ಪ್ರತಿಧ್ವನಿಗೆ ಮಾತ್ರ. ಮಲಗುವ ಕೋಣೆಯ ಕಡೆ ರೆಸಿಲಿಯಂಟ್ ಚಾನೆಲ್ ಅನ್ನುವ ತೆಳು ತಗಡಿನ ಪಟ್ಟಿ ಹೊಡೆದು, ಅದರ ಮೇಲೆ 5/8 ಇಂಚಿನ ಡ್ರೈವಾಲ್ ಎರಡು ಪದರ. ಆಗ ಡ್ರೈವಾಲ್ ನೇರವಾಗಿ ಮರಕ್ಕೆ ತಾಗುವುದಿಲ್ಲ, ಅಲುಗಾಟ ಅಷ್ಟಾಗಿ ದಾಟುವುದಿಲ್ಲ. ಆದರೆ ಒಂದು ಉದ್ದನೆಯ ಸ್ಕ್ರೂ ಹೋಗಿ ಸ್ಟಡ್‌ಗೆ ಕಚ್ಚಿದರೂ ಪಟ್ಟಿಯ ಕೆಲಸ ಕೆಡುತ್ತದೆ. ಅದಕ್ಕೆ ಆ ದಿನ ರಜೆ ಹಾಕಿ ಮುಂದೆಯೇ ನಿಲ್ಲು. ಟೈಲ್ಸ್ ಕಡೆ ಈ ಪಟ್ಟಿ ಬೇಡ, ಅಲುಗಾಡಿದರೆ ಟೈಲ್ಸ್ ಬಿರಿಯುತ್ತವೆ.

ಅಂಚಿನ ಸಂದಿಗಳಿಗೆಲ್ಲ ಅಕೌಸ್ಟಿಕ್ ಸೀಲಂಟ್ ಅನ್ನುವ ಸದ್ದು ತಡೆಯುವ ಅಂಟು ತುಂಬಿಸು, ಅದು ಒಣಗಿ ಗಟ್ಟಿಯಾಗುವುದಿಲ್ಲ. ಎರಡೂ ಕಡೆಯ ಸ್ವಿಚ್ ಬಾಕ್ಸ್ ಬೆನ್ನಿಗೆ ಬೆನ್ನು ಕೊಟ್ಟಿರಬಾರದು. ಪೈಪು ಮರಕ್ಕೆ ತಾಗುವಲ್ಲಿ ರಬ್ಬರ್ ಇಡಿಸು. ಹೊಲಸು ನೀರಿನ ಪೈಪು ಆ ಗೋಡೆಯಲ್ಲೇ ಇಳಿಯುತ್ತಿದ್ದರೆ ಪಿವಿಸಿಗಿಂತ ಬೀಡುಕಬ್ಬಿಣದ್ದು ಸದ್ದು ಕಡಿಮೆ. ಇಷ್ಟೆಲ್ಲ ಮಾಡಿ ಟೊಳ್ಳು ಬಾಗಿಲು ಕೂರಿಸಬೇಡ ಮತ್ತೆ.

ನಾನೂ ಆಮೇಲೆ ಮಾಡಿಸಿದೆ, ಟೈಲ್ಸ್ ಮುಟ್ಟದೆ ಕೋಣೆಯ ಕಡೆಯಿಂದ ಒಡೆಸಿ. ಚೆನ್ನಾಗಿದೆ. ಮಗಳು ಕಾಲೇಜಿಗೆ ಹೋದ ಮೇಲೆ ಆ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ.

ಮುಚ್ಚುವ ಮುಂಚೆ ಪೈಪುಗಳ ಫೋಟೋ ತೆಗೆದಿಟ್ಟುಕೋ. ಅಪ್ಪ-ಅವ್ವ ಹಿಡಿದು ಏಳಲು ಗ್ರ್ಯಾಬ್ ಬಾರ್ ಬೇಕಾಗುತ್ತದೆ, ಬಾತ್‌ರೂಮಿನ ಕಡೆ ಸ್ಟಡ್‌ಗಳ ನಡುವೆ ಅಡ್ಡ ಮರ ಈಗಲೇ ಕೂರಿಸಲು ಹೇಳು. ಬಕೆಟ್ ಇಲ್ಲೇ ಸಿಗುತ್ತದೆ. ತಂಬಿಗೆ ಮಾತ್ರ ಅವ್ವ ರೊಟ್ಟಿ ಜೊತೆಗೇ ತರಲಿ.