ಭುಜದ ಕೀಲು ಬದಲಿಸಿದ ಆಪರೇಷನ್ ಆಗಿ ಅಮ್ಮ ಮನೆಗೆ ಬಂದಿದ್ದಾರೆ. ಏನೇನು ಜೋಪಾನ ಮಾಡಬೇಕು?

ಮೊದಲ ಕೆಲವು ವಾರ ನಿದ್ದೆಯೇ ದೊಡ್ಡ ಕಷ್ಟ. ಅಂಗಾತ ಮಲಗಿಸಬೇಡಿ, ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಒರಗಿಸಿ. ಮೊಣಕೈ ಕೆಳಗೂ ಒಂದು ಸಣ್ಣ ದಿಂಬಿಡಿ. ಮೊಣಕೈ ಹಿಂದಕ್ಕೆ ಜಾರಿದರೆ ಹೊಲಿದ ಸ್ನಾಯು ಎಳೆಯುತ್ತದೆ. ರಾತ್ರಿಯೂ ಸ್ಲಿಂಗ್ (ಕೈಯನ್ನು ಕುತ್ತಿಗೆಗೆ ತೂಗುಹಾಕುವ ಪಟ್ಟಿ) ಇರಲಿ. ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುತ್ತದೆ, ಆದರೆ ನಿಮ್ಮ ಸರ್ಜನ್ ಹೇಳಿದ್ದೇ ಲೆಕ್ಕ.

ಜಾಸ್ತಿ ಎಚ್ಚರ ಬೇಕಾದದ್ದು ಏಳುವಾಗ. ಚಾಪೆ ಮೇಲೆ ಕೂತು ಕೈ ಊರಿ ಏಳುವುದು ನಮ್ಮ ಅಭ್ಯಾಸ, ಅಲ್ವಾ? ಆಪರೇಷನ್ ಆದ ಕೈ ಊರಲೇಬಾರದು. ಎತ್ತರದ ಕುರ್ಚಿ ಕೊಡಿ. ಬಿಂದಿಗೆ, ಕುಕ್ಕರ್ ಎತ್ತುವುದು ಬೇಡ. ಬೆನ್ನ ಹಿಂದೆ ಕೈ ಒಯ್ಯುವುದೂ ಬೇಡ, ಕೀಲು ಜಾರಬಹುದು. ಮುಂದೆ ಗುಂಡಿ ಇರುವ ನೈಟಿ ಒಳ್ಳೆಯದು. ಹಾಕುವಾಗ ಆಪರೇಷನ್ ಆದ ಕೈ ಮೊದಲು, ತೆಗೆಯುವಾಗ ಕೊನೆಗೆ.

ಬೆರಳು, ಮಣಿಕಟ್ಟು ಆಗಾಗ ಆಡಿಸಲಿ. ಭುಜದ ವ್ಯಾಯಾಮ ಮಾತ್ರ ಫಿಸಿಯೋ ಹೇಳಿಕೊಟ್ಟಷ್ಟೇ. ಯಾರೋ ಹೇಳಿದರೆಂದು ಎಣ್ಣೆ ಹಚ್ಚಿ ತಿಕ್ಕಬೇಡಿ, ದಯವಿಟ್ಟು.

ಜ್ವರ, ಗಾಯದಲ್ಲಿ ಕೀವು, ದಿಢೀರ್ ನೋವು, ಕಾಲಿನ ಮೀನಖಂಡ ಊದುವುದು, ಉಸಿರು ಕಟ್ಟುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.