ಮಡಿಕೇರಿಗೆ ವರ್ಗವಾಗಿದೆ. ಅಲ್ಲಿ ಜನಸಂಖ್ಯೆ ಎಷ್ಟು, ಜಾಸ್ತಿ ಜನರದ್ದು ಯಾವ ಭಾಷೆ, ನಾನು ಯಾವುದು ಕಲಿಯಲಿ?

ನಾನೂ ದಾವಣಗೆರೆ ಬಿಟ್ಟು ಮಡಿಕೇರಿಯ ಶಾಲೆಗೆ ಹೊರಟಾಗ ಇದನ್ನೇ ಕೇಳಿಕೊಂಡು ತಿರುಗಿದ್ದೆ. 2011ರ ಗಣತಿಯಂತೆ ಊರಿನ ಜನಸಂಖ್ಯೆ 33,381. ಅದರಲ್ಲಿ ಕೆಲವು ಬೀದಿಗಳ ಲೆಕ್ಕ ಬರೆದವಳು ನಾನೇ. ಆ ಫೆಬ್ರವರಿಯಲ್ಲಿ ನಮಗೆಲ್ಲ ಗಣತಿ ಡ್ಯೂಟಿ ಬಿದ್ದಿತ್ತು.

ಫಾರಂನಲ್ಲಿ 10ನೇ ಪ್ರಶ್ನೆ ಮಾತೃಭಾಷೆ. 11ನೆಯದು ಗೊತ್ತಿರುವ ಬೇರೆ ಭಾಷೆಗಳು, ಎರಡರ ತನಕ. ಬಾಗಿಲಲ್ಲಿ ನಿಂತು ಕನ್ನಡದಲ್ಲಿ ಕೇಳುತ್ತಿದ್ದೆ, ಎಲ್ಲರೂ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಹಾಗಾಗಿ 10ನೆಯದನ್ನು ಕೇಳಲೇ ಇಲ್ಲ, ಸುಮ್ನೆ ಕನ್ನಡ ಅಂತ ತುಂಬಿಸುತ್ತಾ ಹೋದೆ. ಮಹದೇವಪೇಟೆ ಹತ್ತಿರ ಒಬ್ಬ ಅಜ್ಜಿ ನನ್ನ ಜೊತೆ ಕನ್ನಡ ಮಾತಾಡುತ್ತಲೇ ಒಳಗಿದ್ದ ಮೊಮ್ಮಗನಿಗೆ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಕೂಗಿ ಕಾಫಿ ತರಿಸಿದರು. ಕಾಫಿ ಕುಡಿದೆ, ಅವರ ಹೆಸರಿನ ಮುಂದೆಯೂ ಕನ್ನಡ ಅಂತಲೇ ಬರೆದೆ. ಮೇಲ್ವಿಚಾರಕರು ಫಾರಂ ತಿರುವಿ, "ಇಡೀ ಬೀದಿಗೆ ಒಂದೇ ಮಾತೃಭಾಷೆಯಾ ಮೇಡಂ?" ಎಂದು ವಾಪಸ್ ಕೊಟ್ಟರು. ಆ ಏರುದಾರಿಗಳನ್ನೆಲ್ಲ ಮತ್ತೆ ಹತ್ತಿದೆ. ಈ ಸಲ ಸೂಚನೆಯಲ್ಲಿ ಇದ್ದಂತೆಯೇ ಕೇಳಿದೆ: ಚಿಕ್ಕವರಿದ್ದಾಗ ಅಮ್ಮ ನಿಮ್ಮ ಹತ್ತಿರ ಯಾವ ಭಾಷೆ ಆಡುತ್ತಿದ್ದರು? ಒಂದೇ ಸಾಲಿನ ಮನೆಗಳಲ್ಲಿ ಕೊಡವ, ಅರೆಭಾಷೆ (ಕನ್ನಡದ್ದೇ ಒಂದು ಉಪಭಾಷೆ), ಮಲಯಾಳ, ತುಳು, ತಮಿಳು ಎಲ್ಲ ಬಂತು.

ಇದನ್ನು ಇಷ್ಟು ಎಳೆಯುವುದಕ್ಕೆ ಕಾರಣ ಇದೆ. ದೇಶದಲ್ಲಿ ಕೊಡವ ಮಾತೃಭಾಷೆಯವರು 2001ರಲ್ಲಿ 1,66,187 ಇದ್ದರು, 2011ರಲ್ಲಿ 1,13,857. ಇಷ್ಟು ಸಣ್ಣ ಭಾಷೆಗೆ ಒಂದೊಂದು ಮನೆಯೂ ಮುಖ್ಯ. ಇನ್ನು ಕೊಡಗಿನ ಬುಡಕಟ್ಟಿನವರಾದ ಎರವ ಜನರ ಮಾತನ್ನು ಗಣತಿ ಮಲಯಾಳದೊಳಗೆ ಸೇರಿಸಿಬಿಡುತ್ತದೆ. ಬರೀ ದೊಡ್ಡ ಪಟ್ಟಿ ನೋಡಿದರೆ ಅವರು ಕಾಣುವುದೇ ಇಲ್ಲ.

ಹಾಗಾಗಿ ಜಾಸ್ತಿ ಜನರದ್ದು ಯಾವುದು ಅನ್ನುವ ಪ್ರಶ್ನೆಯನ್ನೇ ಬಿಡಿ. ಅಲ್ಲಿ ಒಬ್ಬೊಬ್ಬರ ಬಾಯಲ್ಲೂ ಮೂರು ಭಾಷೆ. 1681ರಲ್ಲಿ ಮುದ್ದುರಾಜ ಊರು ಕಟ್ಟಿದ ಕಾಲದಿಂದ ಕೊಡಗನ್ನು ಆಳಿದ ಹಾಲೇರಿ ಅರಸರ ಆಡಳಿತ ಕನ್ನಡದಲ್ಲೇ ಇತ್ತು, ಈಗಲೂ ಎಲ್ಲರ ನಡುವಿನ ಮಾತು ಅದೇ. ನಿಮಗೆ ಯಾವ ತೊಂದರೆಯೂ ಆಗದು. ಹೋಗುವ ಮೊದಲೇ ಪುಸ್ತಕ ಹಿಡಿದು ಏನನ್ನೂ ಕಲಿಯಬೇಡಿ. ಪಕ್ಕದ ಮನೆಯವರದ್ದು ಯಾವ ಭಾಷೆಯೋ ಅದನ್ನು ಅವರಿಂದಲೇ ಕಲಿಯಿರಿ. ಅರೆಭಾಷೆಯವರು ಸಿಕ್ಕರೆ ಕನ್ನಡದವರಿಗೆ ಬೇಗ ಹತ್ತುತ್ತದೆ. ಶುಕ್ರವಾರದ ಸಂತೆಗೆ ಅವರ ಜೊತೆಯಲ್ಲೇ ಹೋಗಿ.